ಕುಡಿತ ಬಿಟ್ಟವರು ಕೂಡುವ ಕೋಣೆ

ಸಂಜೆಯ ಹೊತ್ತು. ಚರ್ಚಿನ ಪಕ್ಕದ ಸಣ್ಣ ಹಾಲ್, ಇಲ್ಲವೇ ಮಕ್ಕಳು ಮನೆಗೆ ಹೋದ ಮೇಲೆ ಖಾಲಿಯಾದ ಶಾಲೆಯ ಕೊಠಡಿ. ಒಂದಷ್ಟು ಕುರ್ಚಿ, ಒಂದು ಮೇಜು, ಚಹಾ. ಒಬ್ಬರು ತಮ್ಮ ಹೆಸರು ಹೇಳಿ ‘ನಾನೊಬ್ಬ ಆಲ್ಕೊಹಾಲಿಕ್’ ಎನ್ನುತ್ತಾರೆ. ಊರಿನಲ್ಲಿ, ಬಂಧುಗಳ ಮನೆಯಲ್ಲಿ, ಕಚೇರಿಯಲ್ಲಿ ವರ್ಷಗಟ್ಟಲೆ ಬಚ್ಚಿಟ್ಟ ಮಾತು ಅದು. ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಸದಸ್ಯರು ಚುಟುಕಾಗಿ ‘ಎ.ಎ.’ ಎಂದು ಕರೆಯುವ ಆಲ್ಕೊಹಾಲಿಕ್ಸ್ ಅನಾನಿಮಸ್ ಮೀಟಿಂಗ್ ನಡೆಯುವುದು ಹೀಗೆ.

ಇದರ ಬೇರು ಅಮೆರಿಕದ ಅಕ್ರನ್ ಪಟ್ಟಣದಲ್ಲಿದೆ. ನ್ಯೂಯಾರ್ಕಿನ ಷೇರು ವ್ಯವಹಾರಸ್ಥ ಬಿಲ್ ವಿಲ್ಸನ್ 1935ರ ಮೇ ತಿಂಗಳಲ್ಲಿ ಅಲ್ಲಿಗೆ ಹೋಗಿದ್ದರು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಹೋದ ಕೆಲಸ ಕೆಟ್ಟಿತು, ತಂಗಿದ್ದ ಹೋಟೆಲಿನ ಬಾರು ಕೈಬೀಸಿ ಕರೆಯಿತು. ಆಗ ಅವರು ಹುಡುಕಿದ್ದು ವೈದ್ಯರನ್ನೂ ಅಲ್ಲ, ಉಪದೇಶಕರನ್ನೂ ಅಲ್ಲ. ತನ್ನಂತೆಯೇ ಕುಡಿತಕ್ಕೆ ಸಿಕ್ಕಿದ ಇನ್ನೊಬ್ಬನನ್ನು. ಚರ್ಚುಗಳ ದೂರವಾಣಿ ಸಂಖ್ಯೆಗಳ ಜಾಡು ಹಿಡಿದು ಹೋದಾಗ ಸಿಕ್ಕವರು ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್. ಕಾಲು ಗಂಟೆ ಕೂರುತ್ತೇನೆ ಎಂದು ಬಂದ ಡಾಕ್ಟರು ಎದ್ದದ್ದು ಹಲವು ಗಂಟೆಗಳ ಮೇಲೆ. ಅವರು ಕೊನೆಯ ಬಾರಿ ಕುಡಿದದ್ದು ಜೂನ್ 10ರಂದು. ಆ ದಿನವನ್ನೇ ಎ.ಎ. ತನ್ನ ಹುಟ್ಟುಹಬ್ಬವೆಂದು ಆಚರಿಸುತ್ತದೆ. ಭಾರತದಲ್ಲಿ ಅದು ಶುರುವಾದದ್ದು 1957ರಲ್ಲಿ. ಬೆಂಗಳೂರಿನಲ್ಲಿ ಈಗ ಕನ್ನಡ, ತಮಿಳು, ಇಂಗ್ಲಿಷ್ ಮೀಟಿಂಗ್‌ಗಳು ನಡೆಯುತ್ತವೆ.

ಸೇರಲು ಬೇಕಾದದ್ದು ಒಂದೇ: ಕುಡಿತ ಬಿಡಬೇಕೆಂಬ ಆಸೆ. ಶುಲ್ಕವಿಲ್ಲ. ಕೋಣೆಯ ಬಾಡಿಗೆ, ಚಹಾದ ಖರ್ಚು ಸದಸ್ಯರು ಕೈಲಾದಷ್ಟು ಹಾಕುವ ಕಾಣಿಕೆಯಿಂದಲೇ ಸಾಗುತ್ತದೆ. ಹೊರಗಿನವರ ದೇಣಿಗೆ ಪಡೆಯುವುದಿಲ್ಲ. ಜಾತಿ, ಪಕ್ಷಗಳ ಮಾತಿಲ್ಲ. ದೇವರ ಹೆಸರು ಬರುತ್ತದೆ, ಆದರೆ ಆ ದೇವರು ಯಾರೆಂಬುದನ್ನು ಅವರವರ ತಿಳಿವಿಗೇ ಬಿಟ್ಟಿದ್ದಾರೆ. ಸರದಿಯ ಮೇಲೆ ಒಬ್ಬೊಬ್ಬರೂ ತಮ್ಮ ಬದುಕು ಹೇಳಿಕೊಳ್ಳುತ್ತಾರೆ. ಇದಕ್ಕೆ ಅವರ ಮಾತು ‘ಶೇರಿಂಗ್’. ಒಬ್ಬರು ಮಾತಾಡುವಾಗ ಮತ್ತೊಬ್ಬರು ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಹೊಸಬರು ಸುಮ್ಮನೆ ಕೂತು ಕೇಳಿದರೂ ಸಾಕು. ಅಲ್ಲಿ ಕೇಳಿದ್ದು ಅಲ್ಲೇ ಉಳಿಯಬೇಕೆಂಬುದು ಕಟ್ಟುನಿಟ್ಟಿನ ರೂಢಿ.

ಕುಡಿತ ಬಿಡಲು ಎ.ಎ. ಹಾಕಿಕೊಟ್ಟ ಹನ್ನೆರಡು ಮೆಟ್ಟಿಲುಗಳ ದಾರಿ ತೋರಿಸಲು ಹಳಬರೊಬ್ಬರು ಜೊತೆಯಾಗುತ್ತಾರೆ. ಅವರೇ ‘ಸ್ಪಾನ್ಸರ್’. ಕುಡಿಯಬೇಕೆನಿಸಿದ ಗಳಿಗೆಯಲ್ಲಿ ಫೋನ್ ಮಾಡುವುದು ಅವರಿಗೇ. ಜನ್ಮವಿಡೀ ಕುಡಿಯುವುದಿಲ್ಲ ಎಂಬ ಆಣೆ ಇಲ್ಲಿಲ್ಲ. ಇವತ್ತೊಂದು ದಿನ ಕುಡಿಯುವುದಿಲ್ಲ, ಅಷ್ಟೇ. ನಾಳೆ ಮತ್ತೆ ಅದೇ ಮಾತು. ಮರಳಿ ಕುಡಿದವರಿಗೂ ಬಾಗಿಲು ತೆರೆದೇ ಇರುತ್ತದೆ.

ಇದರ ಫಲವನ್ನು ಸಂಶೋಧಕರೂ ಅಳೆದು ನೋಡಿದ್ದಾರೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2020ರ ಪರಾಮರ್ಶೆ 27 ಅಧ್ಯಯನಗಳನ್ನು, 10,565 ಜನರ ಅನುಭವವನ್ನು ಒಟ್ಟಿಗೆ ಇಟ್ಟು ನೋಡಿತು. ರೋಗಿಗಳನ್ನು ಕ್ರಮಬದ್ಧವಾಗಿ ಎ.ಎ.ಗೆ ಜೋಡಿಸುವ ಚಿಕಿತ್ಸೆ, ಕುಡಿತದಿಂದ ಸತತವಾಗಿ ದೂರ ಉಳಿಯಲು ಬೇರೆ ಹೆಸರಾಂತ ಆಪ್ತಸಮಾಲೋಚನಾ ವಿಧಾನಗಳಿಗಿಂತ ಹೆಚ್ಚು ನೆರವಾಗುತ್ತದೆ ಎಂದು ಅದು ಕಂಡುಕೊಂಡಿತು.

ನಮ್ಮ ನೆಲದಲ್ಲಿ ಇಂಥದೇ ತಿಳಿವು ಬೇರೆ ದಾರಿಯಿಂದಲೂ ಬಂದಿದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಹಳ್ಳಿ ಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತವೆ. ಶಿಬಿರ ಎಂಟು ದಿನ. ಕುಡಿತದ ಸೆಳೆತ ಹಲವು ವರ್ಷ. ಆದ್ದರಿಂದಲೇ ಶಿಬಿರ ಮುಗಿಸಿದವರಿಗಾಗಿ ನವಜೀವನ ಸಮಿತಿಗಳಿವೆ. ಬಿಟ್ಟವನಿಗೆ ಬಿಟ್ಟವನೇ ಆಸರೆ ಎಂಬುದನ್ನು ಅಕ್ರನ್ನಿನ ಆ ಇಬ್ಬರೂ ನಮ್ಮ ಹಳ್ಳಿಯವರೂ ಕಂಡುಕೊಂಡಿದ್ದಾರೆ.

ಒಂದು ಎಚ್ಚರಿಕೆ ಮಾತ್ರ ಮರೆಯಬಾರದು. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಳ್ಳಬಹುದು. ಅದು ಪ್ರಾಣಕ್ಕೂ ಎರವಾದೀತು. ಮೊದಲು ವೈದ್ಯರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು. ಮೀಟಿಂಗ್ ಚಿಕಿತ್ಸೆಯ ಜೊತೆಗಾರ, ಅದರ ಬದಲಿಯಲ್ಲ.

ಹುಡುಕುವುದು ಹೇಗೆ? ಮನೋವೈದ್ಯರನ್ನೋ ವ್ಯಸನಮುಕ್ತಿ ಕೇಂದ್ರದ ಸಮಾಲೋಚಕರನ್ನೋ ಕೇಳಿದರೆ ಹತ್ತಿರದ ಗುಂಪಿನ ಸುಳಿವು ಸಿಗುತ್ತದೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ ಸಲಹೆ ಪಡೆಯಬಹುದು. ಎ.ಎ.ಯಲ್ಲಿ ‘ಕ್ಲೋಸ್ಡ್’ ಮೀಟಿಂಗ್ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ‘ಓಪನ್’ ಮೀಟಿಂಗ್‌ಗೆ ಮನೆಯವರೂ ಬರಬಹುದು. ಮನೆಯವರ ನೋವಿಗೂ ಒಂದು ಕೋಣೆಯಿದೆ: ಬಿಲ್ ಅವರ ಪತ್ನಿ ಲೋಯಿಸ್ ಮುಂದಾಗಿ 1951ರಲ್ಲಿ ಕಟ್ಟಿದ ಅಲ್-ಅನಾನ್. ಮೊದಲ ಗುಂಪು ಹೊಂದದಿದ್ದರೆ ಇನ್ನೊಂದಕ್ಕೆ ಹೋಗಿ. ಮೊದಲ 90 ದಿನಗಳಲ್ಲಿ 90 ಮೀಟಿಂಗ್ ಎಂಬುದು ಹಳಬರು ಹೊಸಬರಿಗೆ ಹೇಳುವ ಕಿವಿಮಾತು.

ಈ ದಾರಿಯಲ್ಲಿ ದಾಟಲು ಕಷ್ಟವಾಗುವುದು ಆ ಕೋಣೆಯ ಹೊಸ್ತಿಲು. ಯಾರಾದರೂ ನೋಡಿಬಿಟ್ಟರೆ ಎಂಬ ಅಂಜಿಕೆ ಎಷ್ಟೋ ಜನರನ್ನು ಬೀದಿಯ ತಿರುವಿನಿಂದಲೇ ಹಿಂದಕ್ಕೆ ಕಳಿಸುತ್ತದೆ. ನಿಮ್ಮ ಮನೆಯಲ್ಲಿ, ಗೆಳೆಯರಲ್ಲಿ ಯಾರಾದರೂ ‘ಬಿಡಬೇಕು ಅನ್ನಿಸ್ತಿದೆ’ ಎಂದರೆ ಬುದ್ಧಿವಾದ ಬೇಡ, ಹಳೆಯ ಲೆಕ್ಕವೂ ಬೇಡ. ಆ ಬಾಗಿಲಿನವರೆಗೆ ಜೊತೆಗೆ ನಡೆಯಿರಿ. ಒಳಗೆ ಅವರಿಗಾಗಿ ಒಂದು ಕುರ್ಚಿ ಇದ್ದೇ ಇರುತ್ತದೆ.