ಧರ್ಮವೇ ದಂಡ ಹಿಡಿದಾಗ

1659ರ ಅಕ್ಟೋಬರ್. ಅಮೆರಿಕದ ಬಾಸ್ಟನ್ ಪಟ್ಟಣದಲ್ಲಿ ಮೂವರನ್ನು ಗಲ್ಲಿನ ಬಳಿಗೆ ಕರೆತರಲಾಗಿತ್ತು. ಇಬ್ಬರು ಗಂಡಸರು ನೇಣಿಗೇರಿದರು. ಮೂರನೆಯವಳಾದ ಮೇರಿ ಡೈಯರ್ ಕೊರಳಿಗೂ ಹಗ್ಗ ಬಿದ್ದಿತ್ತು. ಅಷ್ಟರಲ್ಲಿ ಶಿಕ್ಷೆ ತಡೆಯುವ ಆದೇಶ ಬಂತು. ಆಕೆಯನ್ನು ಗಡಿಪಾರು ಮಾಡಿದರು. ಆದರೆ ಮೇರಿ ಮರಳಿ ಬಂದಳು. 1660ರ ಜೂನ್ 1ರಂದು ಆಕೆಯನ್ನು ನೇಣಿಗೆ ಹಾಕಲಾಯಿತು.

ಆಕೆ ಕೊಂದವಳಲ್ಲ, ಕದ್ದವಳೂ ಅಲ್ಲ. ಪ್ರತಿಯೊಬ್ಬರ ಒಳಗೂ ದೇವರ ಬೆಳಕಿದೆ ಎಂದು ನಂಬುವ ಕ್ವೇಕರ್ ಪಂಥದವಳು. ಗಡಿಪಾರಾದ ಕ್ವೇಕರರು ಮರಳಿದರೆ ಮರಣದಂಡನೆ ಎಂಬ ಕಾನೂನು 1658ರಲ್ಲೇ ಜಾರಿಗೆ ಬಂದಿತ್ತು.

ಈ ಕಾನೂನು ಮಾಡಿದವರು ಯಾರು? ಇಂಗ್ಲೆಂಡಿನ ಅಧಿಕೃತ ಚರ್ಚಿನ ಕಿರುಕುಳ ತಾಳಲಾರದೆ ಕಡಲು ದಾಟಿ ಬಂದ ಪ್ಯೂರಿಟನ್ನರು! ಜಾನ್ ವಿಂತ್ರಾಪ್ ನಾಯಕತ್ವದಲ್ಲಿ 1630ರಲ್ಲಿ ಮ್ಯಾಸಚೂಸೆಟ್ಸ್ ತಲುಪಿದ ಅವರಿಗೆ ದೇವರ ಆಜ್ಞೆಯಂತೆ ನಡೆಯುವ ಸಮಾಜ ಕಟ್ಟುವ ಕನಸಿತ್ತು.

ಅಲ್ಲಿ ಪಾದ್ರಿಗಳು ಸರ್ಕಾರಿ ಹುದ್ದೆ ಹಿಡಿಯುತ್ತಿರಲಿಲ್ಲ. ಆದರೆ 1631ರ ನಿಯಮದಂತೆ ಚರ್ಚಿನ ಸದಸ್ಯರಾದ ಗಂಡಸರಿಗೆ ಮಾತ್ರ ಮತದ ಹಕ್ಕು. ಸದಸ್ಯತ್ವವೂ ಸುಲಭವಲ್ಲ, ದೇವರ ಕೃಪೆ ತನಗೆ ದೊರೆತ ಬಗೆಯನ್ನು ಸಭೆಯ ಮುಂದೆ ಹೇಳಿ ಒಪ್ಪಿಸಬೇಕಿತ್ತು. ಪ್ರಾರ್ಥನೆಗೆ ಹಾಜರಿ ಎಲ್ಲರಿಗೂ ಕಡ್ಡಾಯ. ಕ್ರಿಸ್‌ಮಸ್ ಆಚರಣೆಗೆ ಬೈಬಲ್ಲಿನಲ್ಲಿ ಆಧಾರವಿಲ್ಲವೆಂದು 1659ರಲ್ಲಿ ಅದನ್ನು ನಿಷೇಧಿಸಿ, ತಪ್ಪಿದವರಿಗೆ 5 ಶಿಲಿಂಗ್ ದಂಡ ವಿಧಿಸಲಾಯಿತು.

ಹೀಗೆ ಧರ್ಮದ ಭಿನ್ನಾಭಿಪ್ರಾಯವೇ ರಾಜದ್ರೋಹದಂತೆ ಕಂಡಿತು. ಮನಸ್ಸಾಕ್ಷಿಯ ಮೇಲೆ ಸರ್ಕಾರಕ್ಕೆ ಅಧಿಕಾರವಿಲ್ಲವೆಂದ ಪಾದ್ರಿ ರೋಜರ್ ವಿಲಿಯಮ್ಸ್‌ಗೆ 1635ರಲ್ಲಿ ಗಡಿಪಾರಿನ ಶಿಕ್ಷೆಯಾಯಿತು. ಮನೆಯಲ್ಲಿ ಸಭೆ ಸೇರಿಸಿ ಪಾದ್ರಿಗಳ ಬೋಧನೆಯನ್ನು ವಿಮರ್ಶಿಸಿದ ಆ್ಯನ್ ಹಚಿನ್ಸನ್‌ಗೂ 1637ರಲ್ಲಿ ಅದೇ ಗತಿ. ಮರುವರ್ಷ ಚರ್ಚು ಆಕೆಯನ್ನು ಬಹಿಷ್ಕರಿಸಿದಾಗ ಜೊತೆಯಲ್ಲಿ ಎದ್ದು ಹೊರನಡೆದವಳು ಇದೇ ಮೇರಿ ಡೈಯರ್.

ಹೊರದಬ್ಬಿದವರು ಸುಮ್ಮನಾಗಲಿಲ್ಲ. ವಿಲಿಯಮ್ಸ್ 1636ರಲ್ಲಿ ಪ್ರಾವಿಡೆನ್ಸ್ ಊರು ಕಟ್ಟಿದ. ಅದನ್ನೊಳಗೊಂಡ ರೋಡ್ ಐಲೆಂಡ್‌ಗೆ 1663ರ ರಾಜಸನ್ನದು ಧಾರ್ಮಿಕ ಸ್ವಾತಂತ್ರ್ಯವನ್ನು ಖಾತರಿಪಡಿಸಿತು. ಇತ್ತ ಮ್ಯಾಸಚೂಸೆಟ್ಸ್‌ನಲ್ಲಿ ಎರಡನೇ ಚಾರ್ಲ್ಸ್ ದೊರೆಯ 1661ರ ಆದೇಶ ಕ್ವೇಕರರ ನೇಣಿಗೆ ತಡೆ ಹಾಕಿತು. 1691ರ ಸನ್ನದಿನಲ್ಲಿ ಮತದ ಹಕ್ಕಿಗೆ ಚರ್ಚಿನ ಬದಲು ಆಸ್ತಿ ಮಾನದಂಡವಾಯಿತು. ಸರ್ಕಾರಕ್ಕೂ ಚರ್ಚಿಗೂ ಇದ್ದ ನಂಟು ಪೂರ್ತಿ ಕಡಿದದ್ದು 1833ರಲ್ಲಿ.

ತಮ್ಮ ಪಾಲಿನ ಸ್ವಾತಂತ್ರ್ಯಕ್ಕಾಗಿ ಅಪಾರ ಕಷ್ಟ ಸಹಿಸಿದವರು ಅದನ್ನೇ ನೆರೆಯವರಿಗೆ ನಿರಾಕರಿಸಿದ ಕಥೆಯಿದು. ಮೇರಿಗೆ ಗಲ್ಲು ವಿಧಿಸಿದ ಬಾಸ್ಟನ್ನಿನಲ್ಲೇ, ಶಾಸನಸಭೆ ಸೇರುವ ಭವನದ ಮುಂದೆ, ಇಂದು ಆಕೆಯ ಪ್ರತಿಮೆ ಕುಳಿತಿದೆ.