‘ಐದು ವರುಷ’ ಅಂದರೆ ಗಡುವಲ್ಲ

ಬಂಟ್ವಾಳವಿರಲಿ, ಬೆಳ್ತಂಗಡಿ-ಮೂಡಬಿದ್ರೆಯಿರಲಿ, ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಅಂತ ಗೊತ್ತಾದರೆ ಮೊದಲು ಬಾಯಿಗೆ ಬರುವ ಪ್ರಶ್ನೆ ಒಂದೇ: “ಡಾಕ್ಟ್ರೇ, ಇನ್ನೆಷ್ಟು ದಿನ?” ಮಂಗಳೂರಿಗೋ ಮಣಿಪಾಲಕ್ಕೋ ಬಸ್ಸು ಹತ್ತಿ ಹೋದವರು, ಡಾಕ್ಟರ ಬಾಯಿಂದ ಬಂದ “ಐದು ವರುಷ” ಎಂಬ ಮಾತೊಂದನ್ನೇ ಗಂಟು ಕಟ್ಟಿಕೊಂಡು ಮರಳುತ್ತಾರೆ. ಆಮೇಲೆ ಕ್ಯಾಲೆಂಡರ್ ಹಿಡಿದು ಲೆಕ್ಕ ಹಾಕುವುದೇ ಹಾಕುವುದು. ಅಷ್ಟರೊಳಗೆ ಮಗಳ ಮದುವೆ ಆಗಬೇಕಲ್ಲ!

ಅದು ಹಾಗಲ್ಲ, ಸೋದರಿಯರೇ. ನೂರು ಮಂದಿಗೆ ಒಂದೇ ಬಗೆಯ ಕ್ಯಾನ್ಸರ್ ಒಂದೇ ಹಂತದಲ್ಲಿ ಕಂಡಿತೆಂದಿಟ್ಟುಕೊಳ್ಳಿ. ಐದು ವರ್ಷದ ನಂತರ ಅವರಲ್ಲಿ ಬದುಕಿರುವವರೆಷ್ಟು ಎಂಬ ಎಣಿಕೆ ಅದು. ಗುಂಪಿನ ಲೆಕ್ಕ, ಅದೂ ಹಿಂದೆ ಚಿಕಿತ್ಸೆ ಪಡೆದವರದು. ನಿಮ್ಮ ಅತ್ತೆಯವರ ಆಯುಷ್ಯ ಅದರಲ್ಲಿ ಬರೆದಿಲ್ಲ. ಇಪ್ಪತ್ತು ವರ್ಷ ಕಳೆದರೂ ಮೊಮ್ಮಕ್ಕಳನ್ನು ಆಡಿಸಿಕೊಂಡಿರುವವರೂ ಆ ಎಣಿಕೆಯೊಳಗೇ ಇದ್ದಾರೆ.

ಇಂಥ ಲೆಕ್ಕ ನಮ್ಮ ರಾಜ್ಯದಲ್ಲೂ ನಡೆದಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಕ್ಯಾನ್ಸರ್ ರೋಗಿಗಳ ನೋಂದಣಿಯಿದೆ. 1982ರಿಂದ 1989ರವರೆಗೆ ಗರ್ಭಕೊರಳಿನ ಕ್ಯಾನ್ಸರಾಗಿ ನೋಂದಣಿಯಾದ ಹೆಂಗಸರ ಲೆಕ್ಕ ನೋಡಿದಾಗ, ಉಳಿವನ್ನು ಎಲ್ಲಕ್ಕಿಂತ ಹೆಚ್ಚಾಗಿ ತೀರ್ಮಾನಿಸಿದ್ದು ರೋಗ ಯಾವ ಹಂತದಲ್ಲಿ ಸಿಕ್ಕಿತೆಂಬುದೇ. ಬಿಳಿಸೆರಗು, ನಡುವೆ ರಕ್ತ ಕಂಡರೂ ನಾಚಿಕೆಯಿಂದ ಬಾಯಿ ಬಿಡದೆ ಕೂತರೆ ಹಂತ ಏರುತ್ತದೆ.

ಇನ್ನು ಬಾಯಿಯ ಕ್ಯಾನ್ಸರ್. ಅಂಗಳದ ತುಂಬ ಅಡಿಕೆ ಒಣಗುವ ಊರು ನಮ್ಮದು, ಹೇಳಲು ಮನಸ್ಸು ಬಾರದು. ಆದರೂ ಹೊಗೆಸೊಪ್ಪು ಹಾಕದ ಎಲೆಯಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಎರಡು ಮೂರು ವಾರಕ್ಕೂ ಮಾಯದ ಹುಣ್ಣು, ಬಿಳಿ ಕಲೆ, ಬಾಯಿ ಮೊದಲಿನಷ್ಟು ತೆರೆಯದಿರುವುದು - ಇವಕ್ಕೆ ಮನೆಮದ್ದು ಸಾಲದು.

ಆಪರೇಷನ್ ಅಂದಾಗ ಒಂದು ತಕರಾರು ಏಳುತ್ತದೆ: “ಹುಣ್ಣು ನಾಲಿಗೆಯಲ್ಲಿ, ಕುತ್ತಿಗೆ ಯಾಕೆ ಕೊಯ್ಯಬೇಕು?” ಇದಕ್ಕೆ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 2015ರಲ್ಲಿ ಉತ್ತರ ಕೊಟ್ಟರು. ಆರಂಭದ ಹಂತದ ಬಾಯಿ ಕ್ಯಾನ್ಸರಿನವರಲ್ಲಿ, ಮೊದಲ ಆಪರೇಷನ್ನಿನಲ್ಲೇ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಸಿಕೊಂಡವರ ಪೈಕಿ ಮೂರು ವರ್ಷದ ಮೇಲೆ ನೂರಕ್ಕೆ 80 ಮಂದಿ ಬದುಕಿದ್ದರು. ಗ್ರಂಥಿ ಊದಿದ ಮೇಲೆ ನೋಡೋಣವೆಂದು ಬಿಟ್ಟ ಗುಂಪಿನಲ್ಲಿ 67.5. ಕುತ್ತಿಗೆಯ ಮೇಲೊಂದು ಗಾಯದ ಗುರುತಿಗೆ ಇದು ಸಣ್ಣ ಲಾಭವೇ?

ಡಾಕ್ಟರ ಎದುರು ಕೂತಾಗ “ಎಷ್ಟು ದಿನ” ಎನ್ನುವ ಬದಲು ಹೀಗೆ ಕೇಳಿ: ಯಾವ ಹಂತ? ಈ ಚಿಕಿತ್ಸೆ ಗುಣವಾಗಲಿಕ್ಕೋ, ನೋವು ಇಳಿಯಲಿಕ್ಕೋ? ಮತ್ತೆ ಯಾವಾಗ ಬರಬೇಕು? ಆ ತಾರೀಕನ್ನು ಕಾಗದಪತ್ರದ ಫೈಲಿನ ಮೇಲೇ ದಪ್ಪಕ್ಷರದಲ್ಲಿ ಬರೆದಿಡಿ. ಈಗ ಆರಾಮಿದ್ದೇನಲ್ಲ ಅಂತ ಆ ದಿನ ಬಸ್ಸು ಹತ್ತದೆ ಉಳಿಯುವವರೇ ಹೆಚ್ಚು.