ಗುಂಯ್ ಎನ್ನುವ ಸದ್ದು ಎಲ್ಲಿಂದ?

ಜಪಾನಿನ ರೋಲ್ಯಾಂಡ್ ಕಂಪನಿ 1974ರಲ್ಲಿ ಆರ್‌ಇ-201 ಸ್ಪೇಸ್ ಎಕೋ ಎಂಬ ಪೆಟ್ಟಿಗೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಹಾಡುವವರ ದನಿ, ಗಿಟಾರಿನ ಮೀಟು, ಏನೇ ಒಳಗೆ ಹೋದರೂ ಒಂದು ಹೆಡ್ ಅದನ್ನು ಟೇಪಿನ ಮೇಲೆ ಬರೆಯುತ್ತದೆ. ಮುಂದೆ ಸಾಲಾಗಿ ಕೂತ ಮೂರು ಹೆಡ್‌ಗಳು ಕ್ಷಣ ತಡವಾಗಿ ಅದನ್ನೇ ಮತ್ತೆ ನುಡಿಸುತ್ತವೆ. ತುದಿಗೆ ತುದಿ ಅಂಟಿಸಿದ ಆ ಟೇಪು ಯಾವ ಚಕ್ರಕ್ಕೂ ಸುತ್ತಿಕೊಳ್ಳುವುದಿಲ್ಲ. ಮುಚ್ಚಳದಡಿಯ ಚಪ್ಪಟೆ ಅರೆಯಲ್ಲಿ ಮಡಿಕೆ ಮಡಿಕೆಯಾಗಿ ಬಿದ್ದುಕೊಂಡೇ ಓಡುತ್ತದೆ. ಜಮೈಕಾದ ಲೀ ಪೆರ್ರಿ ತಮ್ಮ ಬ್ಲ್ಯಾಕ್ ಆರ್ಕ್ ಸ್ಟುಡಿಯೊದಲ್ಲಿ ಡಬ್ ಸಂಗೀತಕ್ಕೆ ದುಡಿಸಿಕೊಂಡ ಯಂತ್ರವಿದು.

ಅರ್ಧ ಶತಮಾನದ ಈ ಯಂತ್ರಗಳನ್ನು ರಿಪೇರಿ ಮಾಡಿ ನುಡಿಸುವವರು ಇಂದಿಗೂ ಇದ್ದಾರೆ. ಅವರನ್ನು ಹೆಚ್ಚು ಕಾಡುವುದು ಹಮ್, ಹಾಡಿನ ಅಡಿಯಲ್ಲಿ ಬಿಡದೆ ಗುಂಯ್‌ಗುಡುವ ಸದ್ದು. ಹಳೆಯ ಕಂಡೆನ್ಸರ್‌ಗಳನ್ನೆಲ್ಲ ಕಿತ್ತು ಹೊಸದು ಹಾಕುವುದೇ ಹಲವರ ಮೊದಲ ಮದ್ದು. ನನಗದು ಒಪ್ಪಿಗೆಯಿಲ್ಲ. ಬೆಸುಗೆಗೆ ಕೈಹಾಕುವ ಮುನ್ನ ಕಿವಿಗೊಟ್ಟು ಕೇಳಬೇಕು.

ಹಮ್ ಹುಟ್ಟುವುದು ಕರೆಂಟಿನಿಂದ, ನಮ್ಮ ಮನೆಗಳ ಕರೆಂಟು 50 ಹರ್ಟ್ಸ್. ಹಾರ್ಮೋನಿಯಂ ಬಲ್ಲವರು ಅದನ್ನು ಕೂಡಲೇ ಗುರುತಿಸಬಹುದು: ತೀರ ತಗ್ಗಿನ ಬಿಳಿ ಐದು, ಅದಕ್ಕಿಂತ ಕೊಂಚ ಏರು. 100 ಹರ್ಟ್ಸ್ ಎಂದರೆ ಅದೇ ಸ್ವರ, ಒಂದು ಸ್ಥಾಯಿ ಮೇಲೆ. ಒರಟಾಗಿ ಝೇಂಕರಿಸುವ 100 ಕೇಳಿಸಿದರೆ ಪವರ್ ಸಪ್ಲೈಯ ಫಿಲ್ಟರ್ ಕಂಡೆನ್ಸರ್ ಒಣಗಿದೆಯೆಂಬ ಗುಮಾನಿ ಸರಿ. ರೆಕ್ಟಿಫೈಯರ್ ಅಲೆಯ ಎರಡೂ ಅರ್ಧಗಳನ್ನು ಒಂದೇ ಕಡೆಗೆ ಮಗುಚುವುದರಿಂದ 50 ಇಮ್ಮಡಿಯಾಗುತ್ತದೆ. ಉಳಿದ ಏರಿಳಿತವನ್ನು ಸಪಾಟು ಮಾಡುವ ಕೆಲಸ ಆ ಕಂಡೆನ್ಸರಿನದು. ಕೇಳಿಸುವುದು ನುಣುಪಾದ 50 ಆದರೆ ಅರ್ತ್, ಕೇಬಲ್, ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ, ಇವುಗಳ ಕಡೆ ನೋಡಬೇಕು.

ಇನ್ನು ನಾಬ್‌ಗಳು. ಎಕೋ ವಾಲ್ಯೂಮ್ ಏರಿಸಿದಾಗ ಮಾತ್ರ ಹಮ್ ಏರಿದರೆ, ಮೋಡ್ ಸ್ವಿಚ್ ತಿರುಗಿಸಿ ಹೆಡ್‌ಗಳನ್ನು ಒಂದೊಂದಾಗಿ ಕೇಳಿ. ಒಂದರಲ್ಲಿ ಮಾತ್ರ ಜೋರಿದ್ದರೆ ಆ ಹೆಡ್ಡಿನ ವೈರಿನ ಜಾಲರಿ ಬೆಸುಗೆ ಬಿಟ್ಟಿರಬಹುದು. ರಿವರ್ಬ್ ಏರಿಸಿದಾಗ ಹೆಚ್ಚಿದರೆ ಒಳಗಿನ ಸ್ಪ್ರಿಂಗ್ ತಟ್ಟೆಯ ಕಾಯಿಲ್ ಟ್ರಾನ್ಸ್‌ಫಾರ್ಮರಿನ ಗುಂಗನ್ನು ಹಿಡಿಯುತ್ತಿದೆ. ನನಗೆ ಬಲು ಇಷ್ಟವಾದ ಪರೀಕ್ಷೆ ಇನ್ನೊಂದಿದೆ: ಇನ್‌ಪುಟ್ ವಾಲ್ಯೂಮನ್ನು ಥಟ್ಟನೆ ಸೊನ್ನೆಗಿಳಿಸಿ. ಹಮ್ ಒಮ್ಮೆಲೇ ನಿಲ್ಲದೆ ಮರುದನಿಯಾಗಿ ಕರಗುತ್ತ ಹೋದರೆ, ಅದು ಹೊರಗಿನಿಂದ ಬಂದು ಟೇಪಿನ ಮೇಲೆ ಅಚ್ಚಾದದ್ದು. ಗಿಟಾರನ್ನೋ ಅದರ ಕೇಬಲನ್ನೋ ಪರೀಕ್ಷಿಸಬೇಕು, ಪೆಟ್ಟಿಗೆ ಬಿಚ್ಚಬೇಕಾಗಿಲ್ಲ.

ಎಕೋ ಮತ್ತು ಆಂಪ್ಲಿಫೈಯರ್ ಬೇರೆ ಬೇರೆ ಪ್ಲಗ್ ಪಾಯಿಂಟಿನಲ್ಲಿದ್ದರೆ ಎರಡು ಅರ್ತ್‌ಗಳ ನಡುವೆಯೇ ಹಮ್ ಹುಟ್ಟಬಹುದು. ಎರಡನ್ನೂ ಒಂದೇ ಕಡೆ ಹಾಕಿ ನೋಡಿ. ಅರ್ತ್ ಪಿನ್ ಕಿತ್ತು ಸದ್ದು ನಿಲ್ಲಿಸುವವರಿದ್ದಾರೆ. ದಯವಿಟ್ಟು ಅದು ಬೇಡ. ಆಮೇಲೆ ಎಲ್ಲಾದರೂ ಕರೆಂಟು ಸೋರಿದರೆ ಮೈಕಿನ ಮೂಲಕ ಹಾಡುವವರ ತುಟಿಗೇ ಬರುತ್ತದೆ. ಲಂಡನ್ನಿನ ಚಾರ್ಲಿ ವಾಟ್ಕಿನ್ಸ್ 1958ರಲ್ಲಿ ತಂದ ಕಾಪಿಕ್ಯಾಟ್‌ನಂಥ ವಾಲ್ವ್ ಎಕೋ ಯಂತ್ರಗಳಲ್ಲಂತೂ ಪ್ಲಗ್ ತೆಗೆದ ಮೇಲೂ ಕಂಡೆನ್ಸರಿನಲ್ಲಿ ನೂರಾರು ವೋಲ್ಟ್ ಉಳಿದಿರಬಹುದು. ತಿಳಿದವರೇ ಬಿಚ್ಚಲಿ.

ಟೇಪಿನಿಂದ ಹೆಡ್ ಹೆಕ್ಕುವ ಸಂಕೇತ ತೀರ ಕ್ಷೀಣ. ಅದನ್ನು ಹಲವು ಪಟ್ಟು ಹಿಗ್ಗಿಸುವಾಗ ಎಲ್ಲ ಸರಿಯಿದ್ದರೂ ಸಣ್ಣ ಹಮ್ ಉಳಿಯುತ್ತದೆ. ಮೀಟರಿನ ಮುಳ್ಳು ಕೆಂಪು ಗೆರೆಯ ಹತ್ತಿರ ಆಡುವಷ್ಟು ಇನ್‌ಪುಟ್ ಏರಿಸಿ, ಎಕೋ ವಾಲ್ಯೂಮ್ ತಗ್ಗಿಸಿ ನುಡಿಸಿದರೆ ಅದು ಹಾಡಿನಡಿ ಕೇಳಿಸುವುದಿಲ್ಲ.